ಡಾರ್ವಿನ್ನನ ಹೊಟ್ಟೆನೋವು

ಜೀವಕೋಟಿಯ ವಿಕಾಸದ ಬಗೆಯನ್ನು ಬಿಡಿಸಿ ತೋರಿದ ಚಾರ್ಲ್ಸ್ ಡಾರ್ವಿನ್ನನಿಗೆ ತನ್ನ ಹೊಟ್ಟೆಯ ಬೇನೆ ಮಾತ್ರ ಕೊನೆಯವರೆಗೂ ಒಗಟಾಗಿಯೇ ಉಳಿಯಿತು. ಸುಮಾರು ನಲವತ್ತು ವರ್ಷ ನೋವು, ವಾಯು, ವಾಂತಿಗಳು ಆತನನ್ನು ಕಾಡಿದವು. ತಂದೆ ರಾಬರ್ಟ್ ಹೆಸರಾದ ವೈದ್ಯ. ಮಗ ಫ್ರಾನ್ಸಿಸ್ ವೈದ್ಯಶಾಸ್ತ್ರವನ್ನೋದಿ, ಆ ವೃತ್ತಿಗಿಳಿಯದೆ ತಂದೆಗೆ ಸಹಾಯಕನಾಗಿ ನಿಂತವನು. ಇದ್ದೇನು ಫಲ? ಬೇನೆಗೊಂದು ಹೆಸರು ದೊರೆಯಲಿಲ್ಲ.

1849ರಲ್ಲಿ ಡಾರ್ವಿನ್ ಮಾಲ್ವರ್ನ್ ಎಂಬ ಊರಿಗೆ, ಡಾಕ್ಟರ್ ಗಲ್ಲಿಯವರ ಜಲಚಿಕಿತ್ಸೆಗೆ ಹೋದನು. ತಣ್ಣೀರ ಸ್ನಾನ, ಒದ್ದೆ ಬಟ್ಟೆಯ ಸುತ್ತು, ಕಟ್ಟುನಿಟ್ಟಾದ ಪಥ್ಯ. ಕೊಂಚ ಸುಖವೆನಿಸಿತು, ಬೇನೆ ಮರಳಿತು. 1851ರಲ್ಲಿ ಅದೇ ಊರಿಗೆ ಕರೆದೊಯ್ದ ಹತ್ತು ವರ್ಷದ ಮಗಳು ಆ್ಯನಿ ಅಲ್ಲಿಯೇ ತೀರಿಕೊಂಡಳು. ತನ್ನ ರೋಗವೇ ಮಕ್ಕಳಿಗಿಳಿಯಿತೇನೋ ಎಂಬ ಅಳುಕು ಆ ತಂದೆಯನ್ನು ಬಿಡಲಿಲ್ಲ.

ಫ್ರಾನ್ಸಿಸ್ 1887ರಲ್ಲಿ ಹೊರತಂದ ತಂದೆಯ ಚರಿತ್ರೆಯಲ್ಲಿ ರೋಗನಿರ್ಣಯವಿಲ್ಲ. ನೋವು ನಿಜವಾಗಿತ್ತೆಂಬ ಸಾಕ್ಷ್ಯವಿದೆ. ಎಲ್ಲವೂ ಮನಸ್ಸಿನ ರೋಗವೆಂದು ತಳ್ಳಿಹಾಕಿದವರ ನಡುವೆ ಅದು ಸಣ್ಣ ಮಾತಲ್ಲ.

1959ರಲ್ಲಿ ವಿಜ್ಞಾನಿ ಆಡ್ಲರ್, 1835ರಲ್ಲಿ ದಕ್ಷಿಣ ಅಮೆರಿಕದಲ್ಲಿ ಡಾರ್ವಿನ್ನನನ್ನು ಕಚ್ಚಿದ ರಕ್ತಹೀರುವ ತಿಗಣೆಯತ್ತ ಬೆರಳು ತೋರಿದರು. ಆದರೆ ಕೆಲವು ಲಕ್ಷಣಗಳು ನೌಕಾಯಾನಕ್ಕೆ ಮೊದಲೇ ಇದ್ದವಲ್ಲ! 2005ರಲ್ಲಿ ಇಬ್ಬರು ಸಂಶೋಧಕರು, ಊಟವಾದ ಎರಡು ಮೂರು ಗಂಟೆಗೆ ವಾಂತಿಯಾಗುತ್ತಿದ್ದುದನ್ನು ಗಮನಿಸಿ, ಹಾಲು ಒಗ್ಗದ ದೇಹವಿದೆಂದರು. ನಮಗೆ ಇದೇ ಹೆಚ್ಚು ಒಪ್ಪಿಗೆ. ಪತ್ನಿ ಎಮ್ಮಾಳ ಅಡುಗೆಯ ಪುಸ್ತಕದಲ್ಲಿ ಹಾಲು ಕೆನೆಗಳಿಗೇನೂ ಕೊರತೆಯಿಲ್ಲ. ವಿವಾದ ಇಂದಿಗೂ ಮುಗಿದಿಲ್ಲ. ಈ ವಾದಗಳಿಗೆ ಇಂದು ಒದಗುವ ಆಧಾರಗಳಲ್ಲಿ, 1849ರಿಂದ 1855ರವರೆಗೆ ಡಾರ್ವಿನ್ ಪ್ರತಿದಿನವೂ ತನ್ನ ಕೈಯಾರೆ ಬರೆದಿಟ್ಟ ಆರೋಗ್ಯದ ದಿನಚರಿಯೂ ಒಂದು.