ಛಾಯಾಚಿತ್ರವೂ ಒಂದು ವೋಚರ್: ವರ್ತಕರಿಗೆ ಬೆಳಕಿನ ಲೆಕ್ಕಾಚಾರ

ಲೆಕ್ಕ ಪರಿಶೋಧನೆಯ ವೃತ್ತಿಯಲ್ಲಿರುವ ನನಗೆ ಕ್ಯಾಮೆರಾದ ಮಹತ್ವವನ್ನು ಮನಗಾಣಿಸಿದ್ದು ಕಕ್ಷಿದಾರರೊಬ್ಬರ ವಿಮಾ ಕಡತ. ಗೋದಾಮಿಗೆ ಮಳೆನೀರು ನುಗ್ಗಿ ಸರಕು ಹಾಳಾದಾಗ ಅವರು ಮರುದಿನವೇ ಹತ್ತಾರು ಚಿತ್ರಗಳನ್ನು ತೆಗೆದಿದ್ದರು. ಆದರೆ ತೆರೆದ ಬಾಗಿಲಿಗೆ ಮುಖಮಾಡಿ ತೆಗೆದುದರಿಂದ ಬಾಗಿಲು ಬೆಳ್ಳಗೆ, ಚೀಲಗಳು ಕಪ್ಪಗೆ ಮೂಡಿದ್ದವು. ಚೀಲಗಳೆಷ್ಟು, ನೀರು ಎಲ್ಲಿಯವರೆಗೆ ಏರಿತ್ತು ಎಂಬುದು ಒಂದರಲ್ಲಿಯೂ ಕಾಣಲಿಲ್ಲ. ಸ್ಟಾಕ್ ರಿಜಿಸ್ಟರ್ ಸಮರ್ಪಕವಾಗಿದ್ದರೂ ಪರಿಹಾರ ಕೈಸೇರಲು ತಿಂಗಳುಗಳೇ ಹಿಡಿದವು.

ಆಲಮಟ್ಟಿಯ ಪಾಠ

ಇದೇ ತಪ್ಪನ್ನು ನಾವೆಲ್ಲರೂ ಆಲಮಟ್ಟಿಯಲ್ಲಿ ಮಾಡಿದ್ದೇವೆ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದ ಈ ಅಣೆಕಟ್ಟಿನ 26 ಗೇಟುಗಳನ್ನು ಹಿನ್ನೆಲೆಯಾಗಿಸಿ, ನಡುಮಧ್ಯಾಹ್ನ ಮನೆಮಂದಿಯನ್ನು ನಿಲ್ಲಿಸುತ್ತೇವೆ. ಆಕಾಶ, ನೀರು ಥಳಥಳಿಸುತ್ತವೆ. ಮುಖಗಳು ಮಾತ್ರ ಕಪ್ಪಾಗುತ್ತವೆ. ಕಾರಣ ಸರಳ. ಕ್ಯಾಮೆರಾದ ಮಾಪಕವು ಎದುರಿನ ದೃಶ್ಯವನ್ನೆಲ್ಲ ಸರಾಸರಿ ಬೂದುಬಣ್ಣಕ್ಕೆ ತರಲು ಯತ್ನಿಸುತ್ತದೆ. ಬೆಳಕು ಹೆಚ್ಚಿದ್ದೆಡೆ ಅದು ಚಿತ್ರವನ್ನು ಮಂಕಾಗಿಸುತ್ತದೆ. ಸೂರ್ಯ ನಮ್ಮ ಬೆನ್ನಿಗಿರುವ ಹೊತ್ತನ್ನು ಆರಿಸಿಕೊಳ್ಳುವುದೇ ಇದಕ್ಕೆ ಮೊದಲ ಪರಿಹಾರ.

ಮೂರು ಖಾತೆಗಳು

ಬೆಳಕಿನ ಲೆಕ್ಕಕ್ಕೆ ಮೂರು ಖಾತೆಗಳಿವೆ: ಲೆನ್ಸಿನ ಕಿಂಡಿಯಾದ ಅಪರ್ಚರ್, ಶಟರ್ ವೇಗ ಮತ್ತು ಐಎಸ್‌ಒ. ಒಂದರಲ್ಲಿ ಜಮೆ ಮಾಡಿದ್ದನ್ನು ಇನ್ನೊಂದರಲ್ಲಿ ಖರ್ಚು ಹಾಕಬಹುದು. ಎಫ್ 8 ಮತ್ತು ಸೆಕೆಂಡಿನ 1/125 ನೀಡುವಷ್ಟೇ ಬೆಳಕನ್ನು ಎಫ್ 5.6 ಮತ್ತು 1/250 ನೀಡುತ್ತವೆ. ಆದರೆ ಪ್ರತಿ ಖಾತೆಗೂ ಅದರದೇ ಬಡ್ಡಿಯಿದೆ. ಕಿಂಡಿ ಹಿಗ್ಗಿದರೆ ಹಿಂದಿನ ಸಾಲಿನ ಸರಕು ಮಸುಕಾಗುತ್ತದೆ. ಶಟರ್ ನಿಧಾನವಾದರೆ ಕೈನಡುಕ ಚಿತ್ರಕ್ಕೆ ಇಳಿಯುತ್ತದೆ. ಐಎಸ್‌ಒ ಏರಿದರೆ ಚಿತ್ರ ಕಾಳುಕಾಳಾಗುತ್ತದೆ.

ಹತ್ತಿ, ಬಿಳಿಬಟ್ಟೆಗಳನ್ನು ಚಿತ್ರಿಸುವಾಗ ಎಕ್ಸ್‌ಪೋಷರನ್ನು ಸುಮಾರು ಒಂದು ಹಂತ ಏರಿಸಿರಿ. ಚೌಕಟ್ಟು ತುಂಬುವ ಕಡುಬಣ್ಣದ ಇಳಕಲ್ ಸೀರೆಗೆ ತುಸು ಇಳಿಸಿರಿ. ಮೊಬೈಲಿನಲ್ಲಾದರೆ ಸರಕಿನ ಮೇಲೆ ಬೆರಳೊತ್ತಿ ಬೆಳಕನ್ನು ಹೊಂದಿಸಬಹುದು.

ಒಂದು ಚಿತ್ರ, ಒಂದು ಉತ್ತರ

ಚೌಕಟ್ಟನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಪಾಲು ಮಾಡಿ, ಗೆರೆಗಳು ಸಂಧಿಸುವಲ್ಲಿ ಮುಖ್ಯ ವಸ್ತುವನ್ನು ಇರಿಸುವುದು ಸಂಯೋಜನೆಯ ಪರಿಚಿತ ಸೂತ್ರ. ಪ್ರವಾಸದ ಚಿತ್ರಕ್ಕೆ ಇದು ಚೆನ್ನ. ವ್ಯಾಪಾರದ ಚಿತ್ರವಾದರೋ ಖರೀದಿದಾರನ ಪ್ರಶ್ನೆಗೆ ಉತ್ತರಿಸಬೇಕು. ಇಂಡಿಯ ಲಿಂಬೆಯನ್ನು ದೂರದ ಊರಿಗೆ ಮಾರುವವರು ಮೂರು ಚಿತ್ರ ಕಳುಹಿಸಲಿ: ಇಡೀ ರಾಶಿ, ಅಳತೆಪಟ್ಟಿಯ ಪಕ್ಕದಲ್ಲಿ ನಾಲ್ಕು ಹಣ್ಣು, ಚೀಟಿ ಅಂಟಿಸಿದ ಚೀಲ. ಹಿನ್ನೆಲೆ ಶುಭ್ರವಾಗಿರಲಿ. ಬಣ್ಣವನ್ನು ಮಾತ್ರ ಕೃತಕವಾಗಿ ಹೊಳೆಯಿಸಬೇಡಿರಿ. ಚಿತ್ರದಂತೆ ಇರದ ಸರಕು ಹಿಂದಿರುಗಿದರೆ ಸಾಗಣೆ ವೆಚ್ಚವೂ ಹೋಗುತ್ತದೆ, ನಂಬಿಕೆಯೂ ಹೋಗುತ್ತದೆ.

ಮಾರ್ಚ್ 31ರ ದಾಸ್ತಾನು ಎಣಿಕೆಯ ದಿನ ಗೋದಾಮಿನ ಪ್ರತಿ ಸಾಲನ್ನೂ ಬಾಗಿಲಿಗೆ ಬೆನ್ನುಮಾಡಿ ನಿಂತು ಚಿತ್ರಿಸಿರಿ. ದಿನಾಂಕಸಹಿತ ಪ್ರತಿಯೊಂದನ್ನು ದಾಸ್ತಾನು ಪಟ್ಟಿಯೊಂದಿಗೆ ಇರಿಸಿರಿ. ಆಪತ್ತಿನ ದಿನ ನಮ್ಮ ಪರವಾಗಿ ಮಾತನಾಡುವ ಸಾಕ್ಷಿಯನ್ನು ಆಪತ್ತಿಗೆ ಮೊದಲೇ ಸಿದ್ಧಪಡಿಸಿಕೊಳ್ಳುವುದು ಜಾಣತನ.