ಗೆದ್ದದ್ದು ಒಬಾಮ, ಜಾರಿಗೆ ಬಂದದ್ದು ಹಿಲರಿಯ ಷರತ್ತು

2008ರ ಫೆಬ್ರುವರಿಯಲ್ಲಿ ಅಮೆರಿಕದ ಒಹಾಯೊ ರಾಜ್ಯದ ಮತದಾರರ ಮನೆಗೆ ಅಂಚೆಯಲ್ಲಿ ಒಂದು ಕರಪತ್ರ ಬಂತು. ಅಡುಗೆಮನೆಯ ಮೇಜಿನ ಮುಂದೆ ತಲೆ ಕೆಡಿಸಿಕೊಂಡು ಕೂತ ಗಂಡ ಹೆಂಡತಿಯ ಚಿತ್ರ. ಕೈಲಾಗದಿದ್ದರೂ ಆರೋಗ್ಯ ವಿಮೆ ಕೊಳ್ಳಲೇಬೇಕೆಂದು ಹಿಲರಿ ಕ್ಲಿಂಟನ್ ಬಲವಂತ ಮಾಡುತ್ತಾರೆ ಎಂಬ ದೂರು. ಕಳಿಸಿದ್ದು ಅಧ್ಯಕ್ಷ ಚುನಾವಣೆಯ ಉಮೇದುವಾರಿಕೆಗೆ ಅವರೊಂದಿಗೆ ಪೈಪೋಟಿಯಲ್ಲಿದ್ದ, ಅವರದೇ ಡೆಮಾಕ್ರಟಿಕ್ ಪಕ್ಷದ ಬರಾಕ್ ಒಬಾಮ ಪಾಳಯ. ಸಿಟ್ಟಾದ ಹಿಲರಿ ಸಿನ್ಸಿನಾಟಿಯಲ್ಲಿ ಕರಪತ್ರವನ್ನು ಎತ್ತಿ ಹಿಡಿದು, ನಾಚಿಕೆಯಾಗಬೇಕು ನಿಮಗೆ ಎಂದು ಒಬಾಮರನ್ನು ತರಾಟೆಗೆ ತೆಗೆದುಕೊಂಡರು.

ಆಗ ಅಲ್ಲಿ ಸುಮಾರು ನಾಲ್ಕೂವರೆ ಕೋಟಿ ಜನರಿಗೆ ವಿಮೆಯೇ ಇರಲಿಲ್ಲ. ಸಹಾಯಧನ ಕೊಡಬೇಕು, ಕಾಯಿಲೆ ಇದ್ದವರಿಗೂ ವಿಮೆ ಸಿಗಬೇಕು ಎಂಬುದರಲ್ಲಿ ಇಬ್ಬರದೂ ಒಂದೇ ಮಾತು. ಜಗಳವೆಲ್ಲ ಕಡ್ಡಾಯದ್ದು. ಒಬಾಮ ಮಕ್ಕಳಿಗೆ ಮಾತ್ರ ವಿಮೆ ಕಡ್ಡಾಯ ಎಂದರು. ಹಿಲರಿ ಎಲ್ಲರಿಗೂ ಎಂದರು. ನನ್ನ ಲೆಕ್ಕದಲ್ಲಿ ಹಿಲರಿಯೇ ಸರಿ. ರೋಗಿಗೂ ವಿಮೆ ನಿರಾಕರಿಸುವಂತಿಲ್ಲ ಎಂದಾದರೆ, ಗಟ್ಟಿಮುಟ್ಟಾಗಿರುವವನು ಕಾಯಿಲೆ ಬಿದ್ದ ಮೇಲೆ ಕೊಂಡರಾಯಿತು ಎಂದು ಸುಮ್ಮನಿರುತ್ತಾನೆ. ಕಂತು ಕಟ್ಟುವವರಲ್ಲಿ ರೋಗಿಗಳೇ ಹೆಚ್ಚಾಗಿ, ಕಂತು ಏರುತ್ತಲೇ ಹೋಗುತ್ತದೆ. ಆದರೆ ಈ ಲೆಕ್ಕ ಭಾಷಣದಲ್ಲಿ ಚಪ್ಪಾಳೆ ತರುವುದಿಲ್ಲ.

ರಿಪಬ್ಲಿಕನ್ ಅಭ್ಯರ್ಥಿ ಜಾನ್ ಮೆಕೇನ್ ದಾರಿಯೇ ಬೇರೆ. ಕಂಪನಿ ಕೊಡುವ ವಿಮೆಗೆ ಇದ್ದ ತೆರಿಗೆ ವಿನಾಯಿತಿ ತೆಗೆದು, ಬದಲಿಗೆ ಕುಟುಂಬಕ್ಕೆ 5,000 ಡಾಲರ್, ಒಂಟಿ ವ್ಯಕ್ತಿಗೆ 2,500 ಡಾಲರ್ ತೆರಿಗೆ ರಿಯಾಯಿತಿ. ಇದರಿಂದ ಬಹಳಷ್ಟು ಮನೆಗಳಿಗೆ ಮೊದಮೊದಲು ಲಾಭವೇ ಆಗುತ್ತಿತ್ತು. ಕಂಪನಿಯೇ ವಿಮೆ ಕೈಬಿಟ್ಟರೆ? ಆ ವರ್ಷ ಕಂಪನಿ ಮೂಲಕ ಸಿಗುವ ಕುಟುಂಬ ವಿಮೆಯ ಸರಾಸರಿ ಕಂತು 12,680 ಡಾಲರ್. ಕೆಲಸದ ಜತೆಗೇ ವಿಮೆಯೂ ಅಂಟಿಕೊಂಡಿರುವ ಈ ಪಾಡು ಅಲ್ಲಿರುವ ನಮ್ಮ ಸಾಫ್ಟ್‌ವೇರ್ ಹುಡುಗರಿಗೂ ಚೆನ್ನಾಗಿ ಗೊತ್ತು.



ಗೆದ್ದ ಒಬಾಮ 2010ರ ಮಾರ್ಚ್ 23ರಂದು ಸಹಿ ಹಾಕಿದ ಕಾನೂನಿನಲ್ಲಿ ಇದ್ದದ್ದು ಹಿಲರಿಯ ಕಡ್ಡಾಯವೇ! ಮೆಕೇನ್ ಕಂಪನಿ ವಿಮೆಗೆ ತೆರಿಗೆ ಹಾಕುತ್ತಾರೆ ಎಂದು ಜಾಹೀರಾತಿನಲ್ಲಿ ಹೆದರಿಸಿದ್ದವರು, ದುಬಾರಿ ಕಂಪನಿ ವಿಮೆಗೆ ತಾವೇ ಒಂದು ತೆರಿಗೆಯನ್ನೂ ಸೇರಿಸಿದರು. ಅದು ಜಾರಿಗೆ ಬರುವ ಮೊದಲೇ ರದ್ದಾಯಿತು. ಕಡ್ಡಾಯವನ್ನು 2012ರಲ್ಲಿ ಸುಪ್ರೀಂ ಕೋರ್ಟ್ 5–4ರಲ್ಲಿ ಎತ್ತಿಹಿಡಿಯಿತು.

2017ರ ಜುಲೈನಲ್ಲಿ ಟ್ರಂಪ್ ಪಕ್ಷ ಕಾನೂನಿನ ಬುಡಕ್ಕೇ ಕೊಡಲಿ ಹಾಕಲು ಹೊರಟಾಗ, ಮಿದುಳಿನ ಕ್ಯಾನ್ಸರ್ ಪತ್ತೆಯಾಗಿದ್ದ ಮೆಕೇನ್ ಸೆನೆಟ್‌ಗೆ ಬಂದು ಹೆಬ್ಬೆರಳು ಕೆಳಗೆ ಮಾಡಿ ತಮ್ಮ ಪಕ್ಷದ ಮಸೂದೆಯನ್ನೇ ಬೀಳಿಸಿದರು. 49–51. ಆದರೂ ವಿಮೆ ಕೊಳ್ಳದವರಿಗಿದ್ದ ದಂಡ 2019ರಿಂದ ಶೂನ್ಯಕ್ಕಿಳಿಯಿತು. ಕಾಯಿಲೆಯ ನೆಪದಲ್ಲಿ ವಿಮೆ ನಿರಾಕರಿಸುವಂತಿಲ್ಲ ಎಂಬ ನಿಯಮ ಮಾತ್ರ ಉಳಿದುಕೊಂಡಿದೆ.