ಹೊಲಕ್ಕಿರುವ ಬೇಲಿ ಮನೆಗಿಲ್ಲ

ಧಾರವಾಡದಿಂದ ಸವದತ್ತಿ ರಸ್ತೆ ಹಿಡಿದು ಅಮ್ಮಿನಬಾವಿ ಮುಟ್ಟುವ ಹೊತ್ತಿಗೆ ಎರಡೂ ಬದಿಗೆ ಎರಿ ಹೊಲಗಳು. ಇಲ್ಲಿ ರೊಕ್ಕ ಕೈಗೆ ಬರುವುದು ಬೆಳೆಯ ಲೆಕ್ಕದಲ್ಲಿ. ಮಳೆ ಹದವಾಗಿ ಬಿದ್ದರೆ ಆಗಸ್ಟಿನಲ್ಲಿ ಹೆಸರು, ದೀಪಾವಳಿ ಆಚೀಚೆ ಹತ್ತಿ, ಸಂಕ್ರಾಂತಿ ದಾಟಿದ ಮೇಲೆ ಕಡಲೆ, ಬಿಳಿಜೋಳ. ಮನೆ ಸಾಲದ ಕಂತಿಗೆ ಮುಂಗಾರೂ ಗೊತ್ತಿಲ್ಲ, ಹಿಂಗಾರೂ ಗೊತ್ತಿಲ್ಲ. ಅದು ತಿಂಗಳು ತಿಂಗಳು ಬಂದು ನಿಲ್ಲುತ್ತದೆ.

ರಿಸರ್ವ್ ಬ್ಯಾಂಕಿನ ನಿಯಮದಲ್ಲೇ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಅಲ್ಪಾವಧಿ ಬೆಳೆಗೆ ತೆಗೆದ ಸಾಲ ವಸೂಲಾಗದ ಸಾಲದ ಪಟ್ಟಿಗೆ ಸೇರುವುದು ಎರಡು ಬೆಳೆ ಹಂಗಾಮು ಬಾಕಿ ಬಿದ್ದಾಗ. ಮನೆಯ ಮೇಲಿನ ಸಾಲಕ್ಕೆ 90 ದಿನ ಮೀರಿದರೆ ಸಾಕು. ಅದೇ ರೈತ, ಅದೇ ಬ್ಯಾಂಕು. ‘ಸುಗ್ಗಿ ಆದಮ್ಯಾಲ ಕಟ್ತೀನ್ರೀ’ ಎಂಬ ಮಾತು ಬೆಳೆಸಾಲಕ್ಕೆ ನಡೆಯಬಹುದು, ಮನೆ ಸಾಲಕ್ಕೆ ನಡೆಯದು.

ಇನ್ನೂ ದೊಡ್ಡ ವ್ಯತ್ಯಾಸ ಇರುವುದು 2002ರ ಸರ್ಫೇಸಿ ಕಾಯ್ದೆಯಲ್ಲಿ. ನ್ಯಾಯಾಲಯದಲ್ಲಿ ದಾವೆ ಹೂಡದೆಯೇ ಅಡವಿಟ್ಟ ಆಸ್ತಿಯನ್ನು ತಾಬಾಕ್ಕೆ ತೆಗೆದುಕೊಂಡು ಹರಾಜು ಹಾಕುವ ಅಧಿಕಾರವನ್ನು ಅದು ಬ್ಯಾಂಕುಗಳಿಗೆ ಕೊಟ್ಟಿತು. ಆದರೆ ಅದರ 31ನೇ ಕಲಮು ಕೃಷಿಭೂಮಿಯನ್ನು ಹೊರಗಿಟ್ಟಿದೆ. ಊರೊಳಗಿನ ಮನೆಗೆ ಆ ವಿನಾಯಿತಿ ಇಲ್ಲ. ಮಗಳ ಮದುವೆಗೋ, ಬೋರ್‌ವೆಲ್ಲಿಗೋ, ಟ್ರ್ಯಾಕ್ಟರಿಗೋ ಹೊಲದ ಉತಾರದ ಮೇಲೆ ಬೋಜಾ ಕೂಡಿಸಲು ಹಿಂಜರಿಯುವವರು ಮನೆಯ ಕಾಗದವನ್ನು ಹಗುರಾಗಿ ಕೊಟ್ಟುಬಿಡುತ್ತಾರೆ. ಈ ಕಾಯ್ದೆಯ ಮಟ್ಟಿಗೆ ಹೊಲ ಉಳಿಯುತ್ತದೆ, ತಲೆಯ ಮೇಲಿನ ಸೂರು ಹೋಗುತ್ತದೆ. ಸಹಕಾರಿ ಬ್ಯಾಂಕು ನಮ್ಮದೇ ಜನರದು, ಅಷ್ಟು ದೂರ ಹೋಗಲಾರದು ಎಂಬ ನಂಬಿಕೆಯೂ ಇದೆ. ಅವಕ್ಕೂ ಈ ಅಧಿಕಾರವಿದೆ ಎಂದು ಸುಪ್ರೀಂ ಕೋರ್ಟು 2020ರ ಮೇ ತಿಂಗಳಲ್ಲಿ ಹೇಳಿಯಾಗಿದೆ.

ಅಪಾಯ ಅನೇಕರ ಬಾಗಿಲಿಗೆ ಬರುವುದು ಕಂತು ತಪ್ಪಿದಾಗಲ್ಲ, ಸಾಲ ಎಲ್ಲಿಂದ ತಂದರು ಎಂಬಲ್ಲೇ. ಪಂಚಾಯಿತಿಯ ನಮೂನೆ 9 ಇಲ್ಲದ ಮನೆಗೆ ದೊಡ್ಡ ಬ್ಯಾಂಕುಗಳು ಸಾಮಾನ್ಯವಾಗಿ ಸಾಲ ಕೊಡುವುದಿಲ್ಲ. ಆಗ ಖಾಸಗಿ ಫೈನಾನ್ಸು. 5 ಲಕ್ಷ ರೂಪಾಯಿಯನ್ನು 15 ವರ್ಷಕ್ಕೆ ಶೇ 9ರಲ್ಲಿ ತಂದರೆ ಕಂತು ಸುಮಾರು 5,070 ರೂಪಾಯಿ. ಶೇ 16 ಆದರೆ 7,340. ಮಳೆ ಕೈಕೊಟ್ಟ ವರ್ಷ ಈ 2,270 ರೂಪಾಯಿಯ ಅಂತರವೇ ಮನೆಯ ಹಣೆಬರಹ ಬರೆಯುತ್ತದೆ.

ಮುನ್ಸೂಚನೆಗಳು ಮನೆಯೊಳಗೇ ಸಿಗುತ್ತವೆ. ಒಂದು ಕಂತು ಕಟ್ಟಲು ಬಂಗಾರ ಅಡವಿಡುವುದು, ಮುಂದಿನದಕ್ಕೆ ಸಂಘದ ಸಾಲ ಎತ್ತುವುದು, ಕಂತಿನ ದಿನ ಖಾತೆ ಖಾಲಿಯಿದ್ದು ಬ್ಯಾಂಕು ದಂಡ ಮುರಿದುಕೊಳ್ಳುವುದು, ಕೊನೆಗೆ ಶಾಖೆಯಿಂದ ಬಂದ ಫೋನು ಎತ್ತದಿರುವುದು. ನನ್ನ ಮಟ್ಟಿಗೆ ಕೊನೆಯದೇ ಎಲ್ಲಕ್ಕಿಂತ ಕೆಟ್ಟದ್ದು. ಮೊದಲ 90 ದಿನಗಳಲ್ಲಿ ಅವಧಿ ಹೆಚ್ಚಿಸಿ, ಕಂತು ಇಳಿಸಿ, ಸುಗ್ಗಿಗೆ ಹೊಂದಿಸಿ ಎಂದು ಬರವಣಿಗೆಯಲ್ಲಿ ಕೇಳಬಹುದು. ಒಪ್ಪಲೇಬೇಕೆಂದಿಲ್ಲ, ಆದರೆ ಸಾಲ ಕೆಟ್ಟಿತೆಂದು ದಾಖಲಾದ ಮೇಲೆ ಶಾಖೆಯ ಮ್ಯಾನೇಜರ ಕೈಯಲ್ಲಿ ಉಳಿಯುವುದು ಕಡಿಮೆ.

ಆಮೇಲೆ 13(2)ನೇ ಕಲಮಿನ ನೋಟಿಸು. ಪೂರ್ತಿ ಬಾಕಿ ತೀರಿಸಲು 60 ದಿನ. ಅದನ್ನು ಜಂತಿಗೆ ಸಿಕ್ಕಿಸಿಟ್ಟು ಸುಮ್ಮನಿರುವವರು ಬಹಳ. ಲೆಕ್ಕ ತಪ್ಪಿದ್ದರೆ, ಕಟ್ಟಿದ ಹಣ ಜಮಾ ಆಗಿಲ್ಲದಿದ್ದರೆ ಆಕ್ಷೇಪಣೆಯನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಬೇಕು. ಬ್ಯಾಂಕು ಒಪ್ಪದಿದ್ದರೆ 15 ದಿನದೊಳಗೆ ಕಾರಣ ಸಹಿತ ಉತ್ತರಿಸಬೇಕು. ಬಾಕಿಯು ಅಸಲು ಬಡ್ಡಿ ಸೇರಿದ ಮೊತ್ತದ ಶೇ 20ಕ್ಕಿಂತ ಕಡಿಮೆ ಉಳಿದಿದ್ದರೆ ಈ ಕಾಯ್ದೆ ಅನ್ವಯಿಸುವುದೇ ಇಲ್ಲ. ಸಾಲ ಮುಗಿಯುತ್ತ ಬಂದಾಗ ಎಡವಿದವರಿಗೆ ಈ ಮಾತು ಯಾರೂ ಹೇಳುವುದಿಲ್ಲ.

2025ರ ಜನವರಿಯಲ್ಲಿ ಬೆಳಗಾವಿ ತಾಲೂಕಿನ ತಾರಿಹಾಳದಲ್ಲಿ ಸಾಲದ ಬಾಕಿಗಾಗಿ ಬಾಣಂತಿ, ಹಸುಗೂಸು ಸಮೇತ ಕುಟುಂಬವನ್ನು ಹೊರಹಾಕಿ ಮನೆಗೆ ಬೀಗ ಜಡಿದದ್ದು ಸುದ್ದಿಯಾಯಿತು. ಸಚಿವೆ ಲಕ್ಷ್ಮೀ ಹೆಬ್ಬಾಳ್ಕರ ಮಧ್ಯೆ ಬರಬೇಕಾಯಿತು. ಅದೇ ಫೆಬ್ರುವರಿಯಲ್ಲಿ ಕಿರುಸಾಲದ ಕಿರುಕುಳ ತಡೆಯುವ ಸುಗ್ರೀವಾಜ್ಞೆ ಬಂತು. ಇನ್ನು ಮನೆಗೆ ಯಾರೂ ಕೈಹಚ್ಚಲಾರರು ಎಂದು ಹಳ್ಳಿಗಳಲ್ಲಿ ಹಲವರು ಅಂದುಕೊಂಡರೆ ಅದು ಅರ್ಧ ನಿಜ. ಮೈಕ್ರೊಫೈನಾನ್ಸ್ ಸಾಲ ಅಡಮಾನವಿಲ್ಲದ್ದು. ಅದಕ್ಕಾಗಿ ಮನೆಗೆ ಬೀಗ ಹಾಕುವ, ಗೋಡೆಗೆ ಬಣ್ಣದಲ್ಲಿ ಬರೆಯುವ ಹಕ್ಕು ಯಾರಿಗೂ ಇಲ್ಲ. ಆದರೆ ಮನೆಯನ್ನೇ ಬರೆದುಕೊಟ್ಟು ತಂದ ಬ್ಯಾಂಕು ಸಾಲಕ್ಕೆ ಕಿರುಸಾಲದ ಆ ಕಾನೂನು ಆಸರೆಯಾಗದು.

ತಾಬಾ ನೋಟಿಸು ಬಾಗಿಲಿಗೆ ಅಂಟಿಸಿದ ಮೇಲೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಲು 45 ದಿನ. ವಿಚಿತ್ರ ನೋಡಿ: ಹೈಕೋರ್ಟಿನ ಪೀಠ ಧಾರವಾಡದಲ್ಲೇ ಇದೆ, 2013ರಿಂದ ಕಾಯಂ ಕೂಡ. ನ್ಯಾಯಮಂಡಳಿ ಮಾತ್ರ ನಾನೂರು ಕಿಲೋಮೀಟರಿಗೂ ಮಿಕ್ಕಿ ಆಚೆ, ಬೆಂಗಳೂರಿನಲ್ಲಿ. ಕಂತಿಗೇ ದಾರಿಯಿಲ್ಲದವರು ವಕೀಲರ ಫೀ, ಬಸ್ ಚಾರ್ಜು ಎಲ್ಲಿಂದ ತರಬೇಕು? ಧಾರವಾಡದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಮಹಿಳೆಯರಿಗೆ, ಪರಿಶಿಷ್ಟರಿಗೆ, ಕಡಿಮೆ ಆದಾಯದವರಿಗೆ ಉಚಿತ ನೆರವಿದೆ. ಲೋಕ ಅದಾಲತ್ತಿನಲ್ಲಿ ಬ್ಯಾಂಕಿನೊಡನೆ ರಾಜಿಯಾಗುವ ದಾರಿಯಿದೆ. ನೋಟಿಸು ಬಂದ ವಾರವೇ ಅಲ್ಲಿಗೆ ಹೋದರೆ ಲಾಭ, ಹರಾಜಿನ ಹಿಂದಿನ ದಿನ ಹೋದರೆ ಅಷ್ಟಿಲ್ಲ. ಏಕೆಂದರೆ 2016ರ ತಿದ್ದುಪಡಿಯ ಪ್ರಕಾರ ಪೂರ್ತಿ ಬಾಕಿ ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕು ಹರಾಜಿನ ಪ್ರಕಟಣೆ ಹೊರಬೀಳುವವರೆಗೆ ಮಾತ್ರ.

ಅಷ್ಟು ದೂರ ಹೋಗುವ ಬದಲು ತಾವೇ ಗಿರಾಕಿ ಹುಡುಕಿ, ಬ್ಯಾಂಕಿನ ಒಪ್ಪಿಗೆ ಪಡೆದು ಮಾರುವುದು ಎಷ್ಟೋ ಸಲ ವಾಸಿ. ಹರಾಜಿನಲ್ಲಿ ಒಳ್ಳೆಯ ದರ ಸಿಗುವುದು ಅಪರೂಪ. ಊರಲ್ಲಿ ಮಾನ ಹೋಗುತ್ತದೆಂದು ಈ ದಾರಿ ಯಾರಿಗೂ ಬೇಡ. ಹರಾಜಾಗಿಯೇ ಹೋದರೆ, ಸಾಲ ಮತ್ತು ಖರ್ಚು ಕಳೆದು ಮಿಕ್ಕ ಹಣ ಮನೆಯವರಿಗೇ ಸೇರಬೇಕು. ಲೆಕ್ಕದ ಪ್ರತಿಯನ್ನು ಬರವಣಿಗೆಯಲ್ಲಿ ಕೇಳಿ ಪಡೆಯಬೇಕು. ಕಡಿಮೆ ಬಿದ್ದರೆ ಉಳಿದ ಬಾಕಿಗೆ ಬ್ಯಾಂಕು ಮತ್ತೆ ಬರುತ್ತದೆ, ಸಾಲಗಾರನ ಹತ್ತಿರವೂ, ಜಾಮೀನು ನಿಂತ ನೆಂಟನ ಹತ್ತಿರವೂ.